ಪಾಠ ನಿಲ್ಲಿಸುವ ಅಕ್ಕ

ಬೆಳಿಗ್ಗೆ ಐದೂಮುಕ್ಕಾಲು. ಕಾಲೇಜಿನ ಮೂರನೇ ಮಹಡಿಯ ಕಾರಿಡಾರಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಕೊನೆಯ ಕೋಣೆಯ ಬೀಗ ತೆಗೆದ ಸದ್ದು, ಅದರ ಬೆನ್ನಿಗೇ ಕಿಟಕಿಗಳ ಚಿಲಕ ಒಂದೊಂದಾಗಿ ಬಿಚ್ಚಿಕೊಳ್ಳುವ ಸದ್ದು. ಒಳಗೆ ಮೂವತ್ತೆಂಟು ಕಂಪ್ಯೂಟರುಗಳು ನಾಲ್ಕು ಸಾಲಿನಲ್ಲಿ ಕೂತಿವೆ. ನೀಲಿ ಕೋಟು ತೊಟ್ಟ, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟ ಐವತ್ತಾರರ ಹೆಂಗಸೊಬ್ಬರು ಎರಡು ಬಟ್ಟೆ ಹಿಡಿದು ಸಾಲು ಸಾಲಾಗಿ ಪರದೆ ಒರೆಸುತ್ತ ಬರುತ್ತಾರೆ. ಒದ್ದೆ ಬಟ್ಟೆ ಒಂದು ಸಲ, ಒಣ ಬಟ್ಟೆ ಎರಡು ಸಲ. ಆಮೇಲೆ ಒಂದು ಸಾಲಿಗೆ ಸ್ವಿಚ್ ಹಾಕಿ, ನೂರರವರೆಗೆ ಎಣಿಸಿ, ಇನ್ನೊಂದು ಸಾಲಿಗೆ ಕೈಹಾಕುತ್ತಾರೆ. ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿದರೆ ಇಡೀ ಮಹಡಿಯ ಫ್ಯೂಸ್ ಹಾರಿಹೋಗುತ್ತದೆ.

ಎಬ್ಬಿಸಿದ ಮೇಲೆ ಒಂದೊಂದರ ಹತ್ತಿರವೂ ಬಗ್ಗಿ ಕಿವಿ ಕೊಡುತ್ತಾರೆ. "ಹತ್ತೊಂಬತ್ತನೇದಕ್ಕೆ ಇವತ್ತು ಕೆಮ್ಮು. ಫ್ಯಾನಲ್ಲಿ ಧೂಳು ಕೂತಿರ್ಬೇಕು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಚೀಟಿಯ ಮೇಲೆ ಬರೆದು ಅದರ ತಲೆಗೆ ಅಂಟಿಸುತ್ತಾರೆ. ಇಷ್ಟು ಅವರಿಗೆ ಸಂಬಳ ಬರುವ ಕೆಲಸ. ಕಾಲೇಜಿನ ಕಾಗದಗಳಲ್ಲಿ ಅವರು ಮಲ್ಟಿಮೀಡಿಯಾ ವಿಭಾಗದ ಅಟೆಂಡರ್.

ಅವರ ಇನ್ನೊಂದು ಕೆಲಸ ಆರೂಕಾಲಿಗೆ ಶುರುವಾಗುತ್ತದೆ. ಕಿಟಕಿ ಪಕ್ಕದ ಏಳನೇ ಕಂಪ್ಯೂಟರಿನ ಮುಂದೆ ಕೂತು, ಹೆಡ್‌ಫೋನನ್ನು ಕಿವಿಗೆ ಸಿಕ್ಕಿಸಿ, ಕನ್ನಡಕ ಏರಿಸುತ್ತಾರೆ. ಪರದೆಯ ಮೇಲೆ ನಿನ್ನೆ ಸಂಜೆಯಷ್ಟೇ ತಯಾರಾದ, ಇನ್ನೂ ಯಾವ ವಿದ್ಯಾರ್ಥಿಯೂ ನೋಡಿರದ ಹೊಸ ಪಾಠ. ಇವತ್ತಿನದು ಮೂತ್ರಪಿಂಡದ ಕೆಲಸ, ನರ್ಸಿಂಗ್ ಮೊದಲ ವರ್ಷಕ್ಕೆ. ಹಿತವಾದ ಹೆಣ್ಣುದನಿಯೊಂದು ಮಾತು ಶುರುಮಾಡುತ್ತದೆ, ಕೆಂಪು ನೀಲಿ ಬಾಣಗಳು ಹರಿದಾಡುತ್ತವೆ. ಮೂರು ನಿಮಿಷ ಆಗುತ್ತಿದ್ದಂತೆ ಅಕ್ಕನ ಬೆರಳು ಕೀಲಿಯ ಮೇಲೆ ಬೀಳುತ್ತದೆ. ಪಾಠ ನಿಲ್ಲುತ್ತದೆ. ಹಿಂದಕ್ಕೆ ಹೋಗಿ ಮತ್ತೆ ಕೇಳುತ್ತಾರೆ. ಮತ್ತೆ ಅಲ್ಲೇ ನಿಲ್ಲಿಸುತ್ತಾರೆ. ಪಕ್ಕದ ನೋಟ್‌ಬುಕ್ಕಿನಲ್ಲಿ ನಿಮಿಷ, ಸೆಕೆಂಡು ಬರೆದು ಅದರ ಮುಂದೆ ಒಂದು ಸಾಲು: "ಬಸಿಯುತ್ತದೆ ಅಂದರು. ಏನನ್ನು ಇಟ್ಟುಕೊಂಡು ಏನನ್ನು ಬಸಿಯುತ್ತದೆ?"

ಆ ಸಾಲಿಗೆ ಉತ್ತರ ಸಿಗುವ ತನಕ ಪಾಠ ಈ ಕೋಣೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಕಾಲೇಜಿನ ಹನ್ನೊಂದು ಕೋರ್ಸುಗಳ ಸಾವಿರದ ಮುನ್ನೂರು ಮಕ್ಕಳಿಗಿಂತ ಮೊದಲು ಪ್ರತಿ ಪಾಠಕ್ಕೂ ವಿದ್ಯಾರ್ಥಿನಿಯಾಗುವವರು ಈ ಅಕ್ಕ. ಮೇಷ್ಟ್ರುಗಳು, ಚಿತ್ರ ಬರೆಯುವವರು, ದನಿ ಕೊಡುವವರು ಎಲ್ಲರೂ ಅವರನ್ನು ಕರೆಯುವುದು "ನಿಲ್ಸಕ್ಕ" ಎಂದು. ಎದುರಿಗೂ ಹಾಗೆಯೇ ಕರೆಯುತ್ತಾರೆ. ಅವರಿಗೆ ಬೇಜಾರಿಲ್ಲ. "ಸುಮ್ನೆ ತಲೆ ಆಡಿಸ್ತಾ ಕೂತಿದ್ರೆ ಆಡಿಸಕ್ಕ ಅಂತಿದ್ರು. ಅದಕ್ಕಿಂತ ಇದೇ ವಾಸಿ" ಎನ್ನುತ್ತಾರೆ.

ಈ ಕಾಲೇಜಿನ ಮಕ್ಕಳಲ್ಲಿ ಮುಕ್ಕಾಲು ಪಾಲು ತರಗತಿಯ ಬೆಂಚಿನ ಮೇಲೆ ಕೂರುವವರಲ್ಲ. ಹಗಲಿಡೀ ಅಂಗಡಿಯಲ್ಲಿ ನಿಂತವರು, ಕೈಗೂಸು ಮಲಗಿಸಿ ಪುಸ್ತಕ ತೆರೆಯುವವರು, ದೂರದ ಊರಿನವರು. ಅವರಿಗಾಗಿ ಏಳು ವರ್ಷಗಳ ಹಿಂದೆ ಕಾಲೇಜು ಮೊದಲ ವರ್ಷದ ಪಾಠಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ಹೊರಟಿತು. ದನಿ, ಚಿತ್ರ, ಓಡುವ ಬಾಣ, ಕೊನೆಗೆ ನಾಲ್ಕು ಪ್ರಶ್ನೆ. ಹತ್ತು ಹನ್ನೆರಡು ನಿಮಿಷಕ್ಕೆ ಒಂದು ಪಾಠ. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಅಲ್ಲೇ ಓದುತ್ತಾರೆ, ಇಲ್ಲದವರು ಮೂರನೇ ಮಹಡಿಗೆ ಬರುತ್ತಾರೆ.

ಅಕ್ಕ ಇದಕ್ಕೆ ಬಂದದ್ದು ಬೀಗದ ಕೈ ಹಿಡಿದುಕೊಂಡು. ಜೀವಶಾಸ್ತ್ರದ ಮೇಡಂ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ಹೃದಯದ ಪಾಠ ಮಾಡಿ ಮುಗಿಸಿ, ಸರಿಯಾಗಿದೆಯೇ ಎಂದು ಒಬ್ಬರೇ ಕೂತು ನೋಡುತ್ತಿದ್ದರು. ಬಾಗಿಲು ಹಾಕಲು ಕಾಯುತ್ತ ನಿಂತ ಅಟೆಂಡರ್ ಅಕ್ಕನ ಕಣ್ಣೂ ಪರದೆಯ ಮೇಲೆಯೇ ನೆಟ್ಟಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರಿಗೆ ತಡೆಯಲಾಗಲಿಲ್ಲ.

"ಮೇಡಂ, ಒಂದ್ನಿಮಿಷ ನಿಲ್ಸಿ. ಎಡಗಡೆ ಎಡಗಡೆ ಅಂತಿದೀರಲ್ಲ, ಯಾರ ಎಡಗಡೆ? ನನ್ನ ಎಡಗಡೆನೋ, ಆ ಚಿತ್ರದಲ್ಲಿರೋ ಮನುಷ್ಯನ ಎಡಗಡೆನೋ?"

ಮೇಡಂ ನಗಲು ಹೋಗಿ ನಗಲಿಲ್ಲ. ಚಿತ್ರದಲ್ಲಿರುವವನು ನಮ್ಮ ಕಡೆಗೆ ಮುಖ ಮಾಡಿ ನಿಂತಿದ್ದಾನೆ, ಅವನ ಎಡ ನಮಗೆ ಬಲ. ವೈದ್ಯಕೀಯ ಓದಿದವರಿಗೆ ಇದು ಕಣ್ಣಿಗೆ ಒಗ್ಗಿಹೋದ ಮಾತು. ಹೊಸದಾಗಿ ಓದಲು ಬಂದವರಿಗೆ ಯಾರೂ ಹೇಳಿಲ್ಲ. ಮೇಡಂ ಆ ಇಡೀ ಪಾಠವನ್ನು ಮತ್ತೆ ಮಾಡಿದರು. ಎರಡನೇ ಸಲ ತಾವೇ ಕುರ್ಚಿ ಎಳೆದು, "ಅಕ್ಕಾ, ಬೀಗ ಆಮೇಲೆ ಹಾಕೋಣ. ಕೂತ್ಕೊಳ್ಳಿ, ಎಲ್ಲಿ ಗೊತ್ತಾಗಲ್ವೋ ಅಲ್ಲಿ ನಿಲ್ಸಿ ಅನ್ನಿ" ಎಂದರು. ಅವತ್ತು ಅಕ್ಕ ಒಂಬತ್ತು ಸಲ ನಿಲ್ಲಿಸಿದರು.

"ನಿಮಗೆ ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಗಲ್ವಾ?" ಎಂದು ಕೇಳಿದರೆ ಅಕ್ಕ ಕಣ್ಣರಳಿಸುತ್ತಾರೆ. "ಗೊತ್ತಿಲ್ಲ ಅನ್ನೋದೇ ಇಲ್ಲಿ ನನ್ನ ಕೆಲಸ ಅಲ್ವಾ? ಗೊತ್ತಿದ್ದಿದ್ರೆ ನನ್ನನ್ನ ಯಾರು ಕೂರಿಸ್ತಿದ್ರು?"

ಓದಿನ ಆಸೆ ಅವರಿಗೆ ಇವತ್ತಿನದಲ್ಲ. ಏಳನೇ ತರಗತಿಯಲ್ಲಿದ್ದಾಗ ತಾಯಿ ಹಾಸಿಗೆ ಹಿಡಿದರು. ಮೂವರು ತಮ್ಮಂದಿರಿಗೆ ಬೇಯಿಸಿ ಹಾಕುವವರು ಬೇಕಿತ್ತು, ಮನೆಗೆ ದೊಡ್ಡ ಮಗಳು ಇವರೇ. ಹದಿನಾರಕ್ಕೆ ಒಂದು ಮುದ್ರಣಾಲಯ ಸೇರಿದರು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಚಿ, ಒಟ್ಟುಮಾಡಿ, ಹೊಲಿಗೆಗೆ ಕೊಡುವ ಕೆಲಸ. ಹಾಳೆಯ ಒಂದು ಮಗ್ಗುಲಲ್ಲಿ ಒಂದನೇ ಪುಟವಿದ್ದರೆ ಅದರ ಪಕ್ಕದಲ್ಲೇ ಹದಿನಾರನೇದು, ತಲೆಕೆಳಗಾಗಿ ಎಂಟನೇದು. ಮಡಚುವಾಗ ಕಣ್ಣಿಗೆ ಬಿದ್ದಷ್ಟನ್ನು ಓದುವುದು.

"ಇಪ್ಪತ್ತು ವರ್ಷ ಹಂಗೇ ಓದಿದೀನಿ. ಭೂಗೋಳ, ಕಾನೂನು, ಕಥೆ ಎಲ್ಲಾ. ಆದ್ರೆ ಒಂದಕ್ಕೂ ತಲೆ ಬುಡ ಇಲ್ಲ. ಹುಡುಗಿ ರೈಲು ಹತ್ತೋ ಹೊತ್ತಿಗೆ ಪುಟ ಮುಗಿಯೋದು, ಪಕ್ಕದ ಪುಟದಲ್ಲಿ ಅವಳಿಗೆ ಮೊಮ್ಮಕ್ಕಳು! ನಡುವೆ ಏನಾಯ್ತು ಅಂತ ನಾನೇ ಕಟ್ಕೋಬೇಕಿತ್ತು. ಎಲ್ಲಿ ಕೊಂಡಿ ತಪ್ಪಿದೆ ಅಂತ ಅವಾಗಿಂದ ಚೆನ್ನಾಗಿ ಗೊತ್ತಾಗುತ್ತೆ" ಎಂದು ನಗುತ್ತಾರೆ. ಮುದ್ರಣಾಲಯ ಬಾಗಿಲು ಹಾಕಿದ ಮೇಲೆ ಈ ಕಾಲೇಜಿಗೆ ಬಂದರು. ಹತ್ತೊಂಬತ್ತು ವರ್ಷವಾಯಿತು.

ಹೊಸ ಪಾಠಗಳು ಬಂದಾಗ ದಿನಕ್ಕೆ ಮೂರರವರೆಗೂ ನೋಡುತ್ತಾರೆ. ಹನ್ನೆರಡು ನಿಮಿಷದ ಪಾಠಕ್ಕೆ ಅವರಿಗೆ ಮುಕ್ಕಾಲು ಗಂಟೆ ಬೇಕು. ಎಂಟೂವರೆಗೆ ಮಕ್ಕಳು ಬರುವ ಹೊತ್ತಿಗೆ ಹೆಡ್‌ಫೋನ್ ಕೊಕ್ಕೆಗೆ, ನೋಟ್‌ಬುಕ್ ಮೇಡಂ ಮೇಜಿಗೆ. ಆಮೇಲೆ ಸಂಜೆವರೆಗೂ ಫೈಲು, ಚಹಾ, ಹಾಜರಿ ಪುಸ್ತಕ ಎಂದು ತೊಂಬತ್ತಾರು ಮೆಟ್ಟಿಲು ಹತ್ತಿಳಿಯುವುದು. ಇಲ್ಲಿಯತನಕ ನೋಡಿದ ಪಾಠ ನಾನ್ನೂರ ಹನ್ನೆರಡು. ನೋಟ್‌ಬುಕ್ ಹದಿನಾಲ್ಕನೆಯದು ನಡೆಯುತ್ತಿದೆ. ಹಳೆಯವನ್ನು ತಿರುವಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. "ಬಾಣ ಓಡಿಹೋಯಿತು, ನಾನು ಹಿಂದೆ ಉಳಿದೆ." "ದನಿ ಚೆನ್ನಾಗಿದೆ, ಆದರೆ ಉಸಿರಾಡಲು ಬಿಡುತ್ತಿಲ್ಲ." "'ನಿಮಗೆಲ್ಲ ತಿಳಿದಿರುವಂತೆ' ಅಂದರು. ತಿಳಿದಿಲ್ಲ." ವೈರಿಂಗ್ ಪಾಠವೊಂದರ ಮುಂದೆ ದಪ್ಪಕ್ಷರದಲ್ಲಿ: "ಈ ಸಂಗೀತ ಯಾಕೆ? ಇಲ್ಲಿ ಯಾರ ಮದುವೆಯೂ ಆಗುತ್ತಿಲ್ಲ."

ಅಕ್ಕ ಹೇಳಿದ್ದೆಲ್ಲ ಸರಿಯೆಂದಲ್ಲ. ಒಮ್ಮೆ ಮಣ್ಣು ಪರೀಕ್ಷೆಯ ಪಾಠದಲ್ಲಿ ಒಂದು ಕಷ್ಟದ ಪದ ಬಾಯಿಗೇ ಬರುವುದಿಲ್ಲ ಎಂದು ಹಟ ಹಿಡಿದು ತೆಗೆಸಿಬಿಟ್ಟರು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಅದೇ ಪದ ಕೇಳಿದ್ದರು, ಮಕ್ಕಳು ಕಕ್ಕಾಬಿಕ್ಕಿ. ಆ ವಾರವಿಡೀ ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. "ನನಗೆ ಕಷ್ಟ ಆಯ್ತು ಅಂತ ಮಕ್ಕಳ ಪದಾನೇ ಕಿತ್ಕೊಂಡೆನಲ್ಲ. ಅವತ್ತಿಂದ ಯಾವ್ದನ್ನೂ ತೆಗೀರಿ ಅನ್ನಲ್ಲ. ಬಿಡಿಸಿ ಹೇಳಿ ಅಂತೀನಿ ಅಷ್ಟೆ."

ಮೂರು ವರ್ಷದ ಹಿಂದೆ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು. ನರ್ಸಿಂಗ್ ಕಲಿಸುವುದರಲ್ಲಿ ಹೆಸರು ಮಾಡಿದವರು, ಶಿಸ್ತಿನ ಮನುಷ್ಯ. ಅವರ ಮೊದಲ ಪಾಠವನ್ನೇ ಅಕ್ಕ ಏಳು ಕಡೆ ನಿಲ್ಲಿಸಿದ್ದರು. ನೋಟ್‌ಬುಕ್ ನೋಡಿ ಅವರ ಹುಬ್ಬು ಗಂಟಾಯಿತು. "ಏಳನೇ ಕ್ಲಾಸ್ ಓದಿದವರು ನನ್ನ ಪಾಠ ತಿದ್ದೋದಾ? ಇದೇನು ಕಾಲೇಜೋ, ಸಂತೆಯೋ?" ಎಂದು ಕಾರಿಡಾರಿಗೆಲ್ಲ ಕೇಳುವಂತೆ ಅಂದರು. ಮರುದಿನ ನೋಟಿಸ್ ಬೋರ್ಡಿನಲ್ಲಿ ಆದೇಶ: ಅಟೆಂಡರುಗಳು ಕಂಪ್ಯೂಟರ್ ಬಳಸತಕ್ಕದ್ದಲ್ಲ. ಅಕ್ಕನನ್ನು ನೆಲಮಹಡಿಯ ಉಗ್ರಾಣಕ್ಕೆ ಹಾಕಿದರು. ಸೀಮೆಸುಣ್ಣದ ಡಬ್ಬಿ, ಉತ್ತರ ಪತ್ರಿಕೆಯ ಕಟ್ಟು, ಕೈಕಾಲು ಮುರಿದ ಕುರ್ಚಿಗಳ ನಡುವೆ ಎಂಟು ತಿಂಗಳು.

ಆ ಎಂಟು ತಿಂಗಳ ಬಗ್ಗೆ ಅವರು ಹೆಚ್ಚು ಬಾಯಿ ಬಿಡುವುದಿಲ್ಲ. "ಬೈದ್ರು ಅಂತ ಬೇಜಾರಿಲ್ಲ. ಮೇಲೆ ಹೊಸ ಪಾಠ ಆಗ್ತಿರುತ್ತೆ, ನನಗೆ ಗೊತ್ತಾಗಲ್ವಲ್ಲ ಅಂತ ಸಂಕಟ" ಎನ್ನುತ್ತಾರೆ. ಉಳಿದದ್ದನ್ನು ಹೇಳಿದವರು ಅವರ ಅತ್ತೆ. ಎಂಬತ್ತೆರಡರ ಆ ಅಜ್ಜಿಗೆ ಸೊಸೆ ಪ್ರತಿ ಸಂಜೆ ಅವತ್ತಿನ ಪಾಠ ಒಪ್ಪಿಸುವುದು ರೂಢಿಯಾಗಿತ್ತು. ಹೃದಯದ ಪಾಠ ಕೇಳಿದ ದಿನ, "ನನ್ನ ಎದೇಲಿ ನಾಲ್ಕು ಕೋಣೆಯಂತೆ! ಹೊರಗೆ ನೋಡಿದ್ರೆ ಈ ಮನೇಲಿರೋದೇ ಎರಡು" ಎಂದು ಬೀದಿಯವರಿಗೆಲ್ಲ ಸಾರಿದ್ದರು. "ಉಗ್ರಾಣಕ್ಕೆ ಹಾಕಿದ್ಮೇಲೆ ನಮ್ಮನೇಲಿ ಮಾತೇ ನಿಂತೋಯ್ತು. ಬಂದು ಸುಮ್ನೆ ತರಕಾರಿ ಹೆಚ್ಚೋಳು. ಅವಳ ಆ ಮೌನ ನೋಡೋಕಾಗ್ತಿರಲಿಲ್ಲ" ಎಂದು ಅಜ್ಜಿ ನೆನೆಯುತ್ತಾರೆ.

ಮೇಲೆ, ಪಾಠಗಳು ತಯಾರಾಗಿ ಸಲೀಸಾಗಿ ಹೊರಗೆ ಹೋಗುತ್ತಿದ್ದವು. ಯಾರೂ ನಿಲ್ಲಿಸುವವರಿರಲಿಲ್ಲ. ನರ್ಸಿಂಗಿನವರ ಪ್ರಾಯೋಗಿಕ ಪರೀಕ್ಷೆ ಬಂದಾಗ ಗುಟ್ಟು ರಟ್ಟಾಯಿತು. ರೋಗಿಯ ನರಕ್ಕೆ ಹನಿ ಹನಿಯಾಗಿ ಔಷಧದ ನೀರು ಏರಿಸುತ್ತಾರಲ್ಲ, ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು ಎಂಬ ಲೆಕ್ಕ. ತೊಂಬತ್ತನಾಲ್ಕು ಮಕ್ಕಳಲ್ಲಿ ಅರವತ್ತೊಂದು ಜನ ತಪ್ಪು ಮಾಡಿದ್ದರು. ಮುಂದಿನ ತಿಂಗಳು ಇವರೇ ಆಸ್ಪತ್ರೆಯ ವಾರ್ಡಿಗೆ ಹೋಗಬೇಕು. ಪಾಠ ಮಾಡಿದವರು ಸ್ವತಃ ಮುಖ್ಯಸ್ಥರು.

ಜೀವಶಾಸ್ತ್ರದ ಮೇಡಂ ಕಂಪ್ಯೂಟರಿನ ದಾಖಲೆ ತೆಗೆದು ನೋಡಿದರು. ಯಾವ ವಿದ್ಯಾರ್ಥಿ ಎಲ್ಲಿ ಪಾಠ ಬಿಟ್ಟ ಎಂದು ಅದರಲ್ಲಿ ಬರುತ್ತದೆ. ಐವತ್ತೆಂಟು ಮಕ್ಕಳು ನಾಲ್ಕನೇ ನಿಮಿಷದ ಆಸುಪಾಸಿನಲ್ಲಿ ಹಿಂದೆ ಮುಂದೆ ಒದ್ದಾಡಿ ಕೊನೆಗೆ ಮುಚ್ಚಿಟ್ಟು ಎದ್ದಿದ್ದರು. ಮೇಡಂ ಆ ನಾಲ್ಕನೇ ನಿಮಿಷವನ್ನು ಹತ್ತು ಸಲ ನೋಡಿದರು. ತಪ್ಪೇನೂ ಕಾಣಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಉಗ್ರಾಣಕ್ಕೆ ಇಳಿದರು.

ಅಕ್ಕ ಎರಡು ಹೆಜ್ಜೆ ಹಿಂದೆ ಸರಿದರು. "ಬೇಡ ಮೇಡಂ. ಆರ್ಡರ್ ಇದೆ, ನಾನು ಕಂಪ್ಯೂಟರ್ ಮುಟ್ಟೋ ಹಂಗಿಲ್ಲ."

"ನೀವು ಮುಟ್ಟಬೇಡಿ ಅಕ್ಕಾ, ನಾನು ಮುಟ್ತೀನಿ. ನೀವು ನಿಲ್ಸಿ ಅನ್ನಿ, ಸಾಕು."

ಸೀಮೆಸುಣ್ಣದ ಡಬ್ಬಿಗಳ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಆರುನೂರು ಮಿಲಿಲೀಟರ್ ನೀರು, ಐದು ಗಂಟೆಯಲ್ಲಿ ಏರಿಸಬೇಕು. ಐದು ಗಂಟೆ ಅಂದರೆ ಮುನ್ನೂರು ನಿಮಿಷ. ಆರುನೂರನ್ನು ಇಪ್ಪತ್ತರಿಂದ ಗುಣಿಸಿ, ಮುನ್ನೂರರಿಂದ ಭಾಗಿಸಿದರೆ ನಲವತ್ತು ಹನಿ. ಮುಖ್ಯಸ್ಥರ ಗಂಭೀರ ದನಿ, ಅಂದವಾದ ಅಂಕಿಗಳು.

"ನಿಲ್ಸಿ" ಎಂದರು ಅಕ್ಕ.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು. ಉತ್ತರ ಪತ್ರಿಕೆಯ ಕಟ್ಟು ಹುಡುಕಿಕೊಂಡು ಮುಖ್ಯಸ್ಥರೇ ಬಂದಿದ್ದರು. ಅಕ್ಕ ದಡಬಡಿಸಿ ಎದ್ದು ನಿಂತರು. ಮೇಡಂ ಏಳಲಿಲ್ಲ. ಮುಖ್ಯಸ್ಥರು ಪರದೆಯ ಮೇಲೆ ತಮ್ಮದೇ ಅಕ್ಷರ ನೋಡಿದರು, ಅಕ್ಕನನ್ನು ನೋಡಿದರು. ಫಲಿತಾಂಶ ನೋಡಿದಾಗಿನಿಂದ ಅವರೂ ನಿದ್ದೆ ಮಾಡಿರಲಿಲ್ಲವಂತೆ. ಗದರಲಿಲ್ಲ. "ಏನು ಗೊತ್ತಾಗಲಿಲ್ಲ?" ಎಂದು ಕೇಳಿದರು.

"ಸಾರ್, ಆರುನೂರು ನೀವೇ ಹೇಳಿದ್ರಿ. ಮುನ್ನೂರು ನಿಮಿಷ ಅಂತಾನೂ ಹೇಳಿದ್ರಿ. ಈ ಇಪ್ಪತ್ತು ಎಲ್ಲಿಂದ ಬಂತು?"

"ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ. ಅದು ಗೊತ್ತೇ ಇರುತ್ತಲ್ಲ."

"ಯಾರಿಗೆ ಸಾರ್?"

ಮುಖ್ಯಸ್ಥರು ಕೈ ಮುರಿದ ಕುರ್ಚಿಯೊಂದನ್ನು ಎಳೆದುಕೊಂಡು ಕೂತು, ಪಾಠವನ್ನು ಮೊದಲಿನಿಂದ ಹಾಕಿಸಿ ಕೊನೆಯತನಕ ನೋಡಿದರು. ನೋಡಿ ಮೆಲ್ಲಗೆ ಹೇಳಿದರು: "ನೀರು ಏರಿಸೋ ಕೊಳವೆಯ ಪೊಟ್ಟಣದ ಮೇಲೆ ಬರೆದಿರುತ್ತೆ. ಕೆಲವಕ್ಕೆ ಇಪ್ಪತ್ತು, ಕೆಲವಕ್ಕೆ ಹದಿನೈದು, ಚಿಕ್ಕ ಮಕ್ಕಳದಕ್ಕೆ ಅರವತ್ತು. ತರಗತಿಯಲ್ಲಾದರೆ ಪೊಟ್ಟಣವನ್ನ ಕೈಗೇ ಕೊಟ್ಟುಬಿಡ್ತಿದ್ದೆ."

"ಇಲ್ಲಿ ಯಾರ ಕೈಗೂ ಬರಲಿಲ್ಲವಲ್ಲ ಸಾರ್. ಅದನ್ನೇ ದೊಡ್ಡದಾಗಿ ತೋರಿಸಿಬಿಡಿ."

ಮೂರು ದಿನದಲ್ಲಿ ಪಾಠ ಹೊಸದಾಗಿ ತಯಾರಾಯಿತು. ಪರದೆ ತುಂಬ ಪೊಟ್ಟಣ, ಅದರ ಮೂಲೆಯ ಸಣ್ಣ ಅಂಕಿಯ ಸುತ್ತ ಒಂದು ಹಳದಿ ಗೆರೆ. ಮರುಪರೀಕ್ಷೆಯಲ್ಲಿ ಅರವತ್ತೊಂದು ಮಂದಿಯಲ್ಲಿ ಐವತ್ತೆರಡು ಜನ ಸರಿಯಾಗಿ ಎಣಿಸಿದರು. ಉಳಿದ ಒಂಬತ್ತು ಮಂದಿಯನ್ನು ಮುಖ್ಯಸ್ಥರೇ ಕೂರಿಸಿಕೊಂಡು ಕಲಿಸಿದರು.

ಅವರು ಮತ್ತೆ ಉಗ್ರಾಣಕ್ಕೆ ಬಂದು, "ನಾಳೆಯಿಂದ ಮೇಲೆ ಬನ್ನಿ" ಎಂದಾಗ ಅಕ್ಕ ಕೊಟ್ಟ ಉತ್ತರವನ್ನು ಕಾಲೇಜಿನಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. "ಬರ್ತೀನಿ ಸಾರ್. ಆದ್ರೆ ಬರಬೇಡ ಅಂದಿದ್ದು ಕಾಗದದಲ್ಲಿ. ಬಾ ಅನ್ನೋದೂ ಕಾಗದದಲ್ಲೇ ಇರ್ಲಿ."

ಕಾಗದ ಬಂತು. ಮುಖ್ಯಸ್ಥರ ಸಹಿಯೊಂದಿಗೆ, ಅದೇ ನೋಟಿಸ್ ಬೋರ್ಡಿನಲ್ಲಿ.

ಇವತ್ತು ಅವರ ಬಗ್ಗೆ ಕೇಳಿದರೆ ಮುಖ್ಯಸ್ಥರು ಸುತ್ತಿ ಬಳಸದೆ ಹೇಳುತ್ತಾರೆ: "ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ತರಗತಿಯಲ್ಲಿ ಮಕ್ಕಳ ಮುಖ ನೋಡ್ತಿದ್ದಂಗೇ ಎಲ್ಲಿ ಕೈ ತಪ್ಪಿತು ಅಂತ ತಿಳೀತಿತ್ತು. ಕ್ಯಾಮೆರಾಗೆ ಮುಖ ಇಲ್ಲ. ನಮಗೆ ಈಗ ಇವರ ಮುಖವೇ ಗತಿ. ಅವತ್ತು ನಾನು ಆಡಿದ ಮಾತಿಗೆ ಕ್ಷಮೆ ಕೇಳಿದ್ದೇನೆ. ಅವರು 'ಹೋಗ್ಲಿ ಬಿಡಿ ಸಾರ್, ಮೂತ್ರಪಿಂಡ ಯಾವಾಗ ಮಾಡ್ತೀರಿ' ಅಂತ ಕೇಳಿದರು!"

ಹೋದ ವರ್ಷ ಅತ್ತೆಗೆ ವಾಂತಿ ಭೇದಿಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಸುಸ್ತಾಗಿ ಮಲಗಿದ್ದ ಅಜ್ಜಿಯ ಹಾಸಿಗೆಯ ಪಕ್ಕ ತೀರ ಎಳೆಯ ನರ್ಸ್ ಒಬ್ಬಳು ಬಂದು ನೀರಿನ ಚೀಲ ತೂಗುಹಾಕಿದಳು. ಕೊಳವೆಯ ಪೊಟ್ಟಣ ಹರಿಯುವ ಮುಂಚೆ ತಿರುಗಿಸಿ ಮೂಲೆಯಲ್ಲಿ ಏನೋ ಓದಿದಳು. ತುಟಿಯಲ್ಲೇ ಲೆಕ್ಕ ಹಾಕಿದಳು. ಆಮೇಲೆ ಗಡಿಯಾರ ನೋಡುತ್ತ ಹನಿ ಎಣಿಸಿದಳು. ಪಕ್ಕದ ಸ್ಟೂಲಿನ ಮೇಲೆ ಕೂತ ಅಕ್ಕನೂ ಜೊತೆಗೇ ಎಣಿಸಿದರು. ಸರಿಯಾಗಿತ್ತು.

"ಎಲ್ಲಿ ಓದಿದ್ದಮ್ಮಾ?"

"ಮೊದಲ ವರ್ಷ ಪೂರ್ತಿ ಕಂಪ್ಯೂಟರಲ್ಲೇ ಓದಿದ್ದು ಆಂಟಿ. ಅಂಗಡಿ ಕೆಲಸ ಮಾಡ್ಕೊಂಡು. ಆ ವರ್ಷ ಕಾಲೇಜು ಅಂತ ನೋಡಿದ್ದು ಪ್ರಾಕ್ಟಿಕಲ್‌ಗೆ ಮಾತ್ರ."

ಅಜ್ಜಿ ಹಾಸಿಗೆಯಿಂದಲೇ ತಲೆ ಎತ್ತಿ, "ನೋಡಮ್ಮ, ಇವಳಿದಾಳಲ್ಲ ನನ್ನ ಸೊಸೆ..." ಎಂದು ಶುರುಮಾಡಿದರು. ಅಕ್ಕ ಅವರ ಹೆಬ್ಬೆರಳು ಅದುಮಿ, "ಅತ್ತೆ, ಮಾತಾಡಬೇಡಿ, ಸುಸ್ತಾಗುತ್ತೆ" ಎಂದರು. ಹುಡುಗಿ ನಕ್ಕು ಮುಂದಿನ ಹಾಸಿಗೆಗೆ ಹೋದಳು. ಮೂರನೇ ದಿನಕ್ಕೆ ಅಜ್ಜಿ ಎದ್ದು ಕೂತು, ಸೊಸೆ ತನ್ನ ಬಾಯಿ ಮುಚ್ಚಿಸಿದ್ದಕ್ಕೆ ಜಗಳ ತೆಗೆದರು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅಕ್ಕ ಹೇಳುತ್ತಾರೆ: "ಅವಳು ಎಣಿಸ್ತಿದ್ಲು. ನಡುವೆ ಮಾತಾಡಿಸಬಾರ್ದು. ಎಣಿಸಿ ಮುಗಿಸಿದ್ಮೇಲೆ ಹೇಳೋಕೆ ಏನಿತ್ತು? ಅವಳಿಗೆ ಬಂದಾಗಿತ್ತಲ್ಲ."

ಪ್ರತಿ ಪಾಠದ ಕೊನೆಯಲ್ಲಿ ಹೆಸರುಗಳು ಬರುತ್ತವೆ: ಪಾಠ ಮಾಡಿದವರು, ಚಿತ್ರ ಬರೆದವರು, ದನಿ ಕೊಟ್ಟವರು. ಅಕ್ಕನ ಹೆಸರನ್ನೂ ಸೇರಿಸಬೇಕೆಂದು ಮೇಡಂ ಈ ವರ್ಷ ಅರ್ಜಿ ಬರೆದಿದ್ದಾರೆ. ಈ ಕೆಲಸಕ್ಕೆ ಏನೆಂದು ಹೆಸರಿಡುವುದು ಎಂದು ಕಚೇರಿಯವರು ತಲೆ ಕೆರೆದುಕೊಳ್ಳುತ್ತಿದ್ದಾರೆ. ಅಕ್ಕನಿಗೆ ಅದರ ತಲೆನೋವಿಲ್ಲ. "ಹೆಸರು ಬರೋ ಹೊತ್ತಿಗೆ ಮಕ್ಕಳು ಪಾಠ ಮುಚ್ಚಿ ಓಡಿರ್ತಾರೆ. ನಾನೂ ಓಡ್ತೀನಿ, ಎಂಟೂವರೆ ಆಗಿರುತ್ತಲ್ಲ."

ಹಾಗಾದರೆ ಅವರಿಗೆ ಏನು ಬೇಕು? ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಕಾಲೇಜು ಮಾಡಿರುವುದು ಮೊದಲ ವರ್ಷದ ಪಾಠಗಳನ್ನು ಮಾತ್ರ. ಎರಡನೇ ವರ್ಷದ್ದು ಇನ್ನೂ ಮಾತಿನಲ್ಲೇ ಇದೆ. ಅಕ್ಕ ಹೆಡ್‌ಫೋನನ್ನು ಕೊಕ್ಕೆಗೆ ತೂಗುಹಾಕಿ, ಬಾಗಿಲಲ್ಲಿ ಕಾಯುತ್ತಿರುವ ಮಕ್ಕಳಿಗೆ ಒಳಗೆ ಬರಲು ಕೈಮಾಡುತ್ತಾ ಹೇಳುತ್ತಾರೆ: "ಪೇಪರಲ್ಲಿ ಬರೆಯೋದಿದ್ರೆ ಇದನ್ನ ಬರೀರಿ. ಎರಡನೇ ವರ್ಷದ್ದು ಬೇಗ ಶುರು ಮಾಡ್ಲಿ. ನಾನು ರಿಟೈರ್ ಆಗೋದ್ರೊಳಗೆ ಅದನ್ನೂ ಮುಗಿಸ್ಬೇಕು."